ಮೊಸರು ಕದಡದ ಸೈಕಲ್ಲು

ನಾನು ಸ್ಪ್ರಿಂಗ್ ಸೈಕಲ್ ಕೊಂಡದ್ದು ಮೊಸರಿಗಾಗಿ. ಈ ವಯಸ್ಸಿನಲ್ಲಿ ಇವಳಿಗೆ ಷೋಕಿ ಅಂತ ಬೀದಿಯವರು ಆಡಿಕೊಂಡರು. ಆಡಿಕೊಂಡವರ ಮನೆಗೂ ಮೊಸರು ಹಾಕಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಮ್ಮ ಮನೆ ಮೇಟಗಳ್ಳಿಯ ಹಳೇ ಊರಿನಲ್ಲಿ. ಮನೆಯವರು ಅಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನಾನು ಎಮ್ಮೆ ಕಟ್ಟಿಕೊಂಡಿದ್ದೆ. ಹೂಟಗಳ್ಳಿ ಕಡೆ ಹೊಸ ಮನೆಗಳು ಎದ್ದವಲ್ಲ, ಅಲ್ಲಿ ಒಂದು ಸಾಲಿಗೆ ಪೂರ್ತಿ ನನ್ನದೇ ಮೊಸರು. ಅಳೆದು ಸುರಿಯುವ ಪದ್ಧತಿ ನನ್ನದಲ್ಲ. ಪ್ರತಿ ಮನೆಯವರೂ ಎರಡು ಪಾತ್ರೆ ಇಟ್ಟಿದ್ದರು. ಒಂದು ಅವರ ಅಡುಗೆಮನೆಯಲ್ಲಿ, ಒಂದು ನನ್ನ ಹತ್ತಿರ. ರಾತ್ರಿ ಅವರವರ ಪಾತ್ರೆಯಲ್ಲೇ ಹೆಪ್ಪು ಹಾಕಿ, ಬೆಳಿಗ್ಗೆ ಹಾಗೇ ಕೊಟ್ಟು, ಖಾಲಿಯದನ್ನು ತರುತ್ತಿದ್ದೆ. ಮೊಸರಿಗೆ ಮೊದಲ ಸೌಟು ಅವರೇ ಹಾಕಬೇಕು. ಮೇಲಿನ ಕೆನೆ ಹರಿದಿರಬಾರದು. ಅದಕ್ಕೇ ಅವರು ಪಾಕೀಟಿನ ಮೊಸರು ಬಿಟ್ಟು ನನ್ನ ಹತ್ತಿರ ತೆಗೆದುಕೊಳ್ಳುತ್ತಿದ್ದದ್ದು.

ಮೊದಲು ತಲೆ ಮೇಲೆ ಹೊತ್ತು ನಡೆದೆ. ಮನೆಗಳು ಹೆಚ್ಚಾದವು, ಕತ್ತು ಹಿಡಿದುಕೊಂಡಿತು. ಆಮೇಲೆ ಮನೆಯವರ ಹಳೇ ಸೈಕಲ್ಲಿನ ಕ್ಯಾರಿಯರ್‌ಗೆ ಬುಟ್ಟಿ ಕಟ್ಟಿದೆ. ಸೈಕಲ್ ನನಗೆ ಹೊಸದಲ್ಲ, ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಕಲಿತಿದ್ದೆ. ರಸ್ತೆ ಚೆನ್ನಾಗಿದ್ದಷ್ಟು ದಿನ ಏನೂ ಆಗಲಿಲ್ಲ. ಫ್ಯಾಕ್ಟರಿ ಲಾರಿಗಳು ಓಡಾಡಿ ಡಾಂಬರು ಕಿತ್ತುಹೋಯಿತು. ಗುಂಡಿಯಲ್ಲಿ ಧಡ್ ಅಂದರೆ ಮೊಸರು ಬಿರುಕು ಬಿಟ್ಟು ನೀರು ಒಡೆಯುತ್ತಿತ್ತು.

ಆ ಸಾಲಿನ ಮೊದಲ ಮನೆಯಲ್ಲಿ ಒಬ್ಬರು ಹಿರಿಯಮ್ಮ ಇದ್ದರು. ಅವರ ಮಾವನ ಕಾಲದವರೆಗೂ ಅರಮನೆ ಕೆಲಸದ ಮನೆತನ. ಒಂದು ಬೆಳಿಗ್ಗೆ ಮುಚ್ಚಳ ತೆಗೆದು ನನ್ನ ಮುಖ ನೋಡಿದರು.

"ಏನಮ್ಮಾ, ಮಜ್ಜಿಗೆ ಕಡೆದೇ ತಂದುಬಿಟ್ಯಾ? ನನಗೊಂದು ಕೆಲಸ ಕಮ್ಮಿ ಆಯಿತು."

"ರಸ್ತೆ ಅಂಗಿದೆ ಕಣಮ್ಮ."

"ರಸ್ತೆ ನಾನು ಮಾಡಿಸಿದ್ನೇ? ಭಾನುವಾರದ ತನಕ ನೋಡ್ತೀನಿ. ಸರಿಹೋಗದಿದ್ರೆ ಸೋಮವಾರದಿಂದ ಪಾಕೀಟು ಹೇಳಿಬಿಡ್ತೀನಿ."

ಅವರು ಬಿಟ್ಟರೆ ಸಾಲೇ ಬಿಡುತ್ತಿತ್ತು. ಆ ಬೀದಿಯಲ್ಲಿ ಹಪ್ಪಳ ಹಾಕುವುದಕ್ಕೂ ಆಯಮ್ಮನನ್ನೇ ಕೇಳುತ್ತಿದ್ದರು. ನಾನು ಅತ್ತುಕೊಂಡು ಬರಲಿಲ್ಲ. ಬೈದುಕೊಂಡು ಬಂದೆ.

ದಾರಿಯಲ್ಲಿ ಶಿಫ್ಟಿಗೆ ಹೋಗುವವನೊಬ್ಬ ಅದೇ ಗುಂಡಿಗಳ ಮೇಲೆ ಆರಾಮಾಗಿ ಕೂತು ನನ್ನನ್ನು ದಾಟಿ ಹೋದ. ಅವನ ಸೈಕಲ್ಲಿನ ಮುಂದಿನ ಚಕ್ರದ ಎರಡೂ ಕಡೆ ಮೋಟರ್ ಸೈಕಲ್ಲಿಗೆ ಇರುವ ಹಾಗೆ ಸ್ಪ್ರಿಂಗು. ಚಕ್ರ ಕುಣಿಯುತ್ತಿತ್ತು, ಹ್ಯಾಂಡಲ್ ಸುಮ್ಮನಿತ್ತು. ಅದನ್ನು ನೋಡಿಯೇ ತೀರ್ಮಾನ ಮಾಡಿದೆ.

ಶುಕ್ರವಾರ ಒಂದು ಸಣ್ಣ ಸ್ಟೀಲ್ ಪಾತ್ರೆಯಲ್ಲಿ ಗಟ್ಟಿ ಮೊಸರು ತೆಗೆದುಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಮಂಡಿ ಮೊಹಲ್ಲಾಕ್ಕೆ ಹೋದೆ. ಅಲ್ಲಿನ ಸೈಕಲ್ ಅಂಗಡಿಯ ಸಾಹೇಬರು ಪಾತ್ರೆ ನೋಡಿದರು.

"ಏನಮ್ಮಾ, ಊಟ ಕಟ್ಕೊಂಡೇ ಬಂದಿದೀರಾ? ಅಷ್ಟು ಹೊತ್ತು ಚೌಕಾಸಿ ಮಾಡ್ತೀರಾ?"

"ಇದು ಮೊಸರು. ಇದು ಕದಡಬಾರದು. ಅಂಥ ಸೈಕಲ್ ತೋರ್ಸಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಾಹೇಬರು ಮಾತ್ರ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡಿ, "ಮೊಸರು ಚೆನ್ನಾಗಿದೆ" ಅಂದರು.

ಮೊದಲು ತೋರಿಸಿದ್ದು ಮುಂದೂ ಹಿಂದೂ ಸ್ಪ್ರಿಂಗ್ ಇದ್ದದ್ದು. ಎತ್ತಿ ನೋಡಿದೆ, ಎಮ್ಮೆ ಕರುವಿನಷ್ಟು ಭಾರ. ಪೆಡಲ್ ತುಳಿದರೆ ಸೀಟು ಮೇಲೆ ಕೆಳಗೆ ತೂಗುತ್ತಿತ್ತು, ನನ್ನ ಕಾಲಿನ ಶಕ್ತಿಯೆಲ್ಲ ಅದಕ್ಕೇ ಹೋಗುತ್ತಿತ್ತು. ಬೆಲೆ ಕೇಳಿ ಗೋಡೆಗೆ ಒರಗಿಸಿದೆ. ಎರಡನೆಯದರ ಮೈತುಂಬ ಸ್ಟಿಕ್ಕರ್, ಅಗ್ಗ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಮೈಭಾರ ಬಿಟ್ಟೆ. ಅಲ್ಲಾಡಲಿಲ್ಲ.

"ಇದ್ರ ಸ್ಪ್ರಿಂಗ್ ಮಲಗ್ಬುಟ್ಟದೆ ಸಾಹೇಬ್ರೆ."

"ಹೊಸದಮ್ಮಾ, ಓಡಿಸ್ತಾ ಓಡಿಸ್ತಾ ಬಿಡ್ಕೊಳ್ತದೆ."

"ಬಿಡ್ಕೊಂಡ ಮೇಲೆ ಹೇಳಿ, ಬತ್ತೀನಿ."

ಮೂರನೆಯದು ಹೆಂಗಸರದು, ಬಾರು ಕೆಳಗೆ ಇಳಿದಿತ್ತು, ಸೀರೆಗೆ ತೊಂದರೆ ಇಲ್ಲ. ಮುಂದೆ ಮಾತ್ರ ಸ್ಪ್ರಿಂಗು. ಒತ್ತಿದರೆ ಮೆತ್ತಗೆ ಕುಸಿದು ಎದ್ದಿತು. ಬಣ್ಣ ಗುಲಾಬಿ. ಕಣ್ಣಿಗೆ ಹೊಡೆಯುವ ಹಾಗಿತ್ತು. ಗೇರ್ ಇರುವುದಕ್ಕೆ ಜಾಸ್ತಿ, ಇಲ್ಲದ್ದಕ್ಕೆ ಕಮ್ಮಿ ಅಂದರು. ಮೊಸರಿಗೆ ಯಾಕೆ ಗೇರು, ಇಲ್ಲದ್ದೇ ಕೊಡಿ ಅಂದೆ. ಬಣ್ಣಕ್ಕೂ ಸ್ವಲ್ಪ ಇಳಿಸಿ ಅಂದೆ. ಸಾಹೇಬರು ನಕ್ಕು ಇಳಿಸಿದರು.

ಪಾತ್ರೆಯನ್ನು ಕ್ಯಾರಿಯರ್‌ಗೆ ಕಟ್ಟಿ ಆ ಗಲ್ಲಿಯಲ್ಲೇ ಸುತ್ತು ಹೊಡೆದೆ. ಚಪ್ಪಡಿ ಎದ್ದ ಗಲ್ಲಿ, ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿತ್ತು. ಬಂದು ನೋಡಿದರೆ ಮೊಸರು ಅಂಚಿನಲ್ಲಿ ಬಿರುಕು ಬಿಟ್ಟಿತ್ತು.

"ಸ್ಪ್ರಿಂಗ್ ಮುಂದೆ, ಮೊಸರು ಹಿಂದೆ! ಹಿಂದೆ ಹೆಂಗಮ್ಮಾ ಕೆಲಸ ಮಾಡ್ತದೆ?" ಅಂದರು ಸಾಹೇಬರು.

ಅದೂ ಸರಿಯೇ. ಪಾತ್ರೆಯನ್ನು ಚೀಲಕ್ಕೆ ಹಾಕಿ ಹ್ಯಾಂಡಲ್ಲಿಗೆ ಬಿಗಿಯಾಗಿ ಕಟ್ಟಿ ಇನ್ನೊಂದು ಸುತ್ತು ಬಂದೆ. ಬಿರುಕು ಇದ್ದಷ್ಟೇ ಇತ್ತು. ತೆಗೆದುಕೊಂಡೆ. ಮುಂದೆ ದೊಡ್ಡ ಬುಟ್ಟಿ ಕೂರಿಸಿಕೊಡಿ ಅಂದೆ. ಭಾರಕ್ಕೆ ಬಾಗದಿರಲಿ ಅಂತ ಬುಟ್ಟಿಯ ತಳದಿಂದ ಚಕ್ರದ ನಡುವಿನ ನಟ್ಟಿಗೆ ಎರಡು ಕಬ್ಬಿಣದ ಸರಳು ಕೊಟ್ಟು ಬಿಗಿದುಕೊಟ್ಟರು. ಮೊಸರನ್ನು ಅಲ್ಲೇ ಬಿಟ್ಟು ಬಂದೆ, ಅವರು ಊಟಕ್ಕೆ ಕೂತಿದ್ದರು.

ಶನಿವಾರ ಬುಟ್ಟಿ ತುಂಬ ಪಾತ್ರೆ ಜೋಡಿಸಿ ಹೊರಟೆ. ಮೊದಲ ಮನೆಯಲ್ಲಿ ಮುಚ್ಚಳ ತೆಗೆದರೆ ಎಂದಿನ ಹಾಗೆ ನೀರು. ಹಿರಿಯಮ್ಮ ಮೊಸರು ನೋಡಿದರು, ಗುಲಾಬಿ ಸೈಕಲ್ ನೋಡಿದರು.

"ಸೈಕಲ್ ಚೆನ್ನಾಗಿದೆ" ಅಂದು ಬಾಗಿಲು ಹಾಕಿಕೊಂಡರು.

ನನಗೆ ತಲೆ ಕೆಟ್ಟುಹೋಯಿತು. ಅದೇ ಸೈಕಲ್, ಅದೇ ಎಮ್ಮೆ. ಮನೆಗೆ ಬಂದು ಸೈಕಲ್ಲಿಗೆ ಒಂದು ಒದ್ದೆ. ಮನೆಯವರು ಶಿಫ್ಟು ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದರು.

"ಒದಿಯೋಕೆ ಅಂತ ಅಷ್ಟು ಕೊಟ್ಟು ತಂದ್ಯಾ? ನನ್ನ ಹಳೇದನ್ನೇ ಒದೀಬೋದಾಗಿತ್ತು."

"ನೀವು ಕಾಫಿ ಕುಡೀರಿ. ಬಾಯಿ ಬ್ಯಾಡ."

ಕುಡಿದು ಮುಗಿಸಿ ಎದ್ದು ಬಂದು ಹ್ಯಾಂಡಲ್ ಒತ್ತಿದರು. ಅಲ್ಲಾಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ಸರಳು ಮುಟ್ಟಿ ನೋಡಿ ನಗಲು ಶುರುಮಾಡಿದರು.

"ಲೇ, ಬಾ ಇಲ್ಲಿ. ಈ ಸರಳು ಮ್ಯಾಲೆ ಬುಟ್ಟಿ, ಹ್ಯಾಂಡಲ್ ಜೊತೆ ಬಿಗಿದದೆ, ಕೆಳಗೆ ಚಕ್ರದ ಜೊತೆ ಬಿಗಿದದೆ. ಮಧ್ಯ ಇರೋ ಸ್ಪ್ರಿಂಗು ಎಂಗೆ ಕುಣೀತದೆ? ಕೈಕಾಲು ಕಟ್ಟಾಕ್ಬುಟ್ಟು ಓಡು ಅಂದಂಗಾಯ್ತು."

"ನೆನ್ನೆ ಸಂಜೆನೇ ನೋಡಿ ಹೇಳೋಕೆ ಏನಾಗಿತ್ತು?"

"ನೆನ್ನೆ ಸಂಜೆ ಮುಟ್ಟಬ್ಯಾಡಿ, ಗ್ರೀಸ್ ಕೈ ಅಂದೋಳು ಯಾರು?"

ಅಂದದ್ದು ನಾನೇ. ಸ್ಪಾನರ್ ತಂದು ಸರಳು ಬಿಚ್ಚಿದರು. ಬುಟ್ಟಿಯನ್ನು ಸ್ಪ್ರಿಂಗಿಗಿಂತ ಮೇಲೆ, ಹ್ಯಾಂಡಲ್ಲಿಗೂ ಅದರ ಕತ್ತಿಗೂ ಮಾತ್ರ ಹಳೇ ಬೆಲ್ಟಿನ ಪಟ್ಟಿಯಿಂದ ಬಿಗಿದರು. ತಳಕ್ಕೆ ನಾನು ಒದ್ದೆ ಗೋಣಿ ಹಾಸಿದೆ. ಹ್ಯಾಂಡಲ್ ಒತ್ತಿದರೆ ಬುಟ್ಟಿಯೂ ಅದರ ಜೊತೆಗೇ ಇಳಿದು ಎದ್ದಿತು. ಸರಳಿಲ್ಲದ ಬುಟ್ಟಿ ಪೂರ್ತಿ ಭಾರ ತಡೆಯುವುದಿಲ್ಲ, ಭಾರವಾದ ಪಾತ್ರೆಗಳನ್ನು ನಡೆದೇ ಕೊಡುತ್ತೇನೆ, ಬುಟ್ಟಿಯಲ್ಲಿ ಹಿಡಿದಷ್ಟು ಹಿಡಿಯಲಿ ಅಂದುಕೊಂಡೆ. ಎರಡು ಸಲ ಓಡಾಡಬೇಕಾಗುತ್ತದೆ, ಓಡಾಡಿದರೆ ಆಯಿತು.

ಭಾನುವಾರ ಗುಂಡಿ ತಪ್ಪಿಸಲೂ ಇಲ್ಲ. ಬೇಕೆಂದೇ ಒಂದೆರಡರ ಮೇಲೆ ಬಿಟ್ಟೆ. ಮೊಸರು ಕದಡುವುದೇ ಆದರೆ ಇವತ್ತೇ ಕದಡಲಿ.

ಹಿರಿಯಮ್ಮ ಮುಚ್ಚಳ ತೆಗೆದರು. ಕೆನೆ ಹಾಗೇ ಇತ್ತು. ಪಾತ್ರೆ ಓರೆ ಮಾಡಿದರು, ಮೊಸರು ಜರುಗಲಿಲ್ಲ. ಒಳಗಿನಿಂದ ಸೌಟು ತಂದು ನನ್ನೆದುರೇ ಹಾಕಿದರು. ಹೋಳು ಹೋಳಾಗಿ ಬಂತು.

"ರಸ್ತೆ ಮಾಡಿಸಿದ್ರೇನೆ?"

"ಇಲ್ಲ ಕಣಮ್ಮ. ನಮ್ಮನೆಯವರು ಎರಡು ಸರಳು ಬಿಚ್ಚಿದ್ರು."

ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಒಳಗೆ ಹೋಗಿ ಇನ್ನೊಂದು ಪಾತ್ರೆ ತಂದರು, ಮೊದಲಿನದಕ್ಕಿಂತ ದೊಡ್ಡದು. "ಬುಧವಾರ ಮಗಳು ಅಳಿಯ ಬರ್ತಾರೆ. ಇದರಲ್ಲಿ ಹೆಪ್ಪು ಹಾಕು" ಅಂದರು. ಅದನ್ನು ಬುಟ್ಟಿಗೆ ಇಟ್ಟುಕೊಂಡು ಮುಂದಿನ ಮನೆಗೆ ಹೋದೆ.

ಎಮ್ಮೆ ಮಾರುವವರೆಗೂ ಅದೇ ಸೈಕಲ್ ತುಳಿದೆ. ಸ್ಪ್ರಿಂಗು ಕೊನೆಗೆ ತುಕ್ಕು ಹಿಡಿದು ಕಿರುಗುಟ್ಟುತ್ತಿತ್ತು. ಸದ್ದು ಕೇಳಿದರೆ ಬೀದಿಯವರು ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಿದ್ದರು, ಅದಕ್ಕೇ ಎಣ್ಣೆ ಬಿಡಲಿಲ್ಲ. ಆ ಎರಡು ಸರಳು ದಂಡವಾಗಲಿಲ್ಲ. ಮನೆಯವರು ಅವನ್ನು ಬಗ್ಗಿಸಿ ಬಚ್ಚಲಮನೆಯಲ್ಲಿ ಟವೆಲ್ ನೇತುಹಾಕಲು ಮೊಳೆ ಹೊಡೆದು ಕೂರಿಸಿದರು. ಇನ್ನೂ ಗಟ್ಟಿಯಾಗಿವೆ.