ಹಡಗು ವಾಲಿದ ಗಳಿಗೆ

ಚಿಕ್ಕಜಾಜೂರಿನ ಅಕ್ಕನ ಮನೆಯಲ್ಲಿ ಅಂದು ಟಿವಿ ಮುಂದೆ ಕೂತಿದ್ದವರು ಅಕ್ಕ, ರೈಲ್ವೆಯಿಂದ ನಿವೃತ್ತರಾದ ಭಾವ, ಪಕ್ಕದ ಮನೆಯ ಅಜ್ಜಿ ಮತ್ತು ನಾನು. ಅಕ್ಕನ ಮಗಳು ಕರಾವಳಿಯಲ್ಲಿ ಹಡಗು ಕಟ್ಟುವ ಯಾರ್ಡಿನಲ್ಲಿ ವೆಲ್ಡರ್. ಅವಳು ಕೆಲಸ ಮಾಡಿದ ಕ್ರೂಸ್ ಹಡಗು ತಳದ ತಗಡಿನಿಂದ ಮಹಡಿ ಮಹಡಿಯಾಗಿ ಏಳುವುದನ್ನು ಅವಳು ಕಳಿಸುವ ವಿಡಿಯೊಗಳಲ್ಲಿ ನೋಡುತ್ತ ಬಂದಿದ್ದೆವು. ಅಂದು ಅದು ನೀರಿಗಿಳಿಯುವ ದಿನ. ಬೆಳಿಗ್ಗೆಯಷ್ಟೇ ಹಡಗಿನ ಮೇಲೆ ನಿಂತು ಫೋಟೊ ಕಳಿಸಿದ್ದಳು.

“ಚಕ್ರದಡಿ ನಿಂಬೆಹಣ್ಣು ಇಟ್ಟವ್ರೇನಪ್ಪ?” ಅಜ್ಜಿ ಕೇಳಿದಳು.

“ಹಡಗಿಗೆ ಚಕ್ರ ಎಲ್ಲೈತಜ್ಜಿ, ಸುಮ್ನೆ ನೋಡು,” ಎಂದು ಭಾವ ನಕ್ಕರು.

ಎಮ್ಮೆ ಕೆರೆಗಿಳಿಯುವಂತೆ ಮೂತಿ ಮುಂದಾಗಿ ನಿಧಾನಕ್ಕೆ ಇಳಿಯುತ್ತದೆ ಎಂದುಕೊಂಡಿದ್ದೆವು. ಅದು ಅಡ್ಡಡ್ಡಲಾಗಿ ಜಾರಿ ನೀರಿಗೆ ಬಿದ್ದು, ಮಗ್ಗುಲಿಗೆ ವಾಲಿಯೇಬಿಟ್ಟಿತು. ಮನೆಯೆತ್ತರ ನೀರೆದ್ದು ಹಡಗೇ ಕಾಣಲಿಲ್ಲ.

“ಹಳಿ ತಪ್ತು!” ಭಾವ ಎದ್ದು ನಿಂತರು.

“ನನ್ನ ಮಗಳು ಅದ್ರಾಗವಳೆ ಕಣ್ರೀ!” ಅಕ್ಕ ಕಿರುಚಿದಳು. ಅಷ್ಟಕ್ಕೇ ಚಿತ್ರವೂ ನಿಂತಿತು. ಫೋನ್ ಮಾಡಿದರೆ ಎತ್ತುವವರಿಲ್ಲ.

ಕೊನೆಗೆ ಮಗಳೇ ಫೋನ್ ಮಾಡಿದಳು. “ಅವ್ವಾ, ನೋಡಿದ್ಯಾ? ಹೆಂಗಿತ್ತು!”

“ಎಲ್ಲಿದ್ದೀಯೇ?”

“ದಡದಾಗೆ. ಒಳಗೆ ಯಾರ್ನೂ ಬಿಡಲ್ಲ. ಈ ಯಾರ್ಡ್‌ನಾಗೆ ಅಡ್ಡಕ್ಕೇ ಜಾರ್ಸೋದು. ವಾಲ್ತೈತೆ, ತಾನೇ ನೆಟ್ಟಗಾಗ್ತೈತೆ.”

“ಮೊದ್ಲೇ ಹೇಳಾಕೆ ಏನಾಗಿತ್ತೇ ನಿಂಗೆ!” ಬೈಯುತ್ತಲೇ ಅಕ್ಕ ಅಳತೊಡಗಿದಳು.

ಹಡಗು ಪೂರ್ತಿ ಸಿದ್ಧವಾದ ಮೇಲೆ ಮಗಳು ನಮ್ಮನ್ನೆಲ್ಲ ಕರೆಸಿಕೊಂಡಳು. ಭಾವ ಮತ್ತು ನಾನು ಹತ್ತಿ ನೋಡಿ ಬಂದೆವು. ಅಕ್ಕ ತಾನೂ ಹತ್ತಲಿಲ್ಲ, ಮಗಳನ್ನೂ ಹತ್ತಗೊಡಲಿಲ್ಲ. ನಾವು ಇಳಿಯುವವರೆಗೂ ಮಗಳ ಕೈ ಬಿಗಿಯಾಗಿ ಹಿಡಿದುಕೊಂಡು ದಡದಲ್ಲೇ ನಿಂತಿದ್ದಳು.