ಒಂದೇ ರಸ್ತೆಯ ಇಂಜಿನಿಯರು

ಅವರ ಬಲಗೈ ಹೆಬ್ಬೆರಳಿನ ತುದಿ ಜಡ್ಡುಗಟ್ಟಿತ್ತು. ಸೌದೆ ಒಡೆದು ಅಲ್ಲ, ಸ್ಟಾಪ್‌ವಾಚ್ ಒತ್ತಿ ಒತ್ತಿ. ಬೆಳಿಗ್ಗೆ ನಾನು ತುಳಸಿಗೆ ನೀರು ಹಾಕಲು ಹೊರಗೆ ಬಂದರೆ, ಎದುರು ಮನೆಯ ಇಂಜಿನಿಯರು ಅಗಲ ಟೋಪಿ ಹಾಕಿಕೊಂಡು ಬೀದಿಯ ಕೊನೆಯಲ್ಲಿ ನಿಂತು, ಹೋಗುವ ಕಾರುಗಳನ್ನು ನೋಡುತ್ತ ಅದರ ಗುಂಡಿ ಒತ್ತುತ್ತಿದ್ದರು. ಇವರಿಗೆ ತಲೆ ಸರಿಯಿಲ್ಲ ಎಂದೇ ನಾನು ಮೊದಲು ತಿಳಿದಿದ್ದೆ.

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಮಗಳು ಆಸ್ಟ್ರೇಲಿಯಾದ ಪರ್ತಿನ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಮಗುವನ್ನು ನೋಡಿಕೊಳ್ಳಲು ಬಂದವಳು ಇಲ್ಲೇ ಉಳಿದೆ. ಎಲೆನ್‌ಬ್ರೂಕ್ ದಾಟಿದರೆ ಸಿಗುವ ಹೊಸ ಬಡಾವಣೆ ನಮ್ಮದು. ಮೂರು ಕಡೆ ಒಣ ಕಾಡು, ಹೊರಗೆ ಹೋಗಲು ಒಂದೇ ರಸ್ತೆ. ಊರು ಬೆಳೆಸುವ ಯೋಜನೆಯಲ್ಲಿ ಇದರ ಬೆನ್ನಿಗೆ ಇನ್ನೂ ಇಷ್ಟೇ ಮನೆಗಳು ಬರುವುದಿತ್ತು. ಕಾಡಿಗೆ ಬೆಂಕಿ ಬಿದ್ದರೆ ಅಷ್ಟೂ ಜನ ಹೊರಗೆ ಹೋಗಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ ವರದಿ ಬರೆಯುವುದು ಅವರ ಕೆಲಸ. ಮೈಸೂರಿನವರು, ಮಾತು ಕಡಿಮೆ. ಯಾರಾದರೂ ಹಿತ್ತಿಲಿನ ಬಾರ್ಬೆಕ್ಯೂ ಊಟಕ್ಕೆ ಕರೆದರೆ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತು, "ನಿಮ್ಮನೇಲಿ ಎಷ್ಟು ಕಾರು?" ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ, ಮೊಮ್ಮಗಳು ಸ್ಕೂಲಿನಲ್ಲಿದ್ದಾಗ, ನಮ್ಮ ಬಾಗಿಲು ತಟ್ಟಿದರು.

"ಆಂಟಿ, ಬೆಂಕಿ ಬರ್ತಿದೆ ಅಂತ ಫೋನಿಗೆ ಮೆಸೇಜ್ ಬಂತು ಅಂದ್ಕೊಳ್ಳಿ. ಹೊರಡಿ."

"ಅನ್ನಕ್ಕೆ ಇಟ್ಟಿದೀನಿ ಕಣಪ್ಪ."

"ಬೆಂಕಿಗೆ ಹೇಳ್ತೀರಾ ಅದನ್ನ?"

ಗುಂಡಿ ಒತ್ತಿಯೇಬಿಟ್ಟರು. ನಾನು ಒಲೆ ಆರಿಸಿದೆ. ನೈಟಿಯಲ್ಲಿ ಬೀದಿಗೆ ಇಳಿಯಲು ಆಗುತ್ತದೆಯೇ, ಸೀರೆ ಉಟ್ಟೆ. ದೇವರ ಮುಂದೆ ದೀಪ ಉರಿಯುತ್ತಿತ್ತು. ಬಾಯಲ್ಲಿ ಊದಿ ಆರಿಸುವ ಹಾಗಿಲ್ಲ, ಉರಿಯಲು ಬಿಟ್ಟು ಹೋಗುವ ಹಾಗೂ ಇಲ್ಲ. ಹೂವಿನಿಂದ ಬತ್ತಿಯನ್ನು ಎಣ್ಣೆಗೆ ಒತ್ತಬೇಕು. ಹೂ ಇರಲಿಲ್ಲ, ಹಿತ್ತಿಲಿಗೆ ಹೋದೆ. ವಿಗ್ರಹಗಳನ್ನು ಬಟ್ಟೆಯಲ್ಲಿ ಸುತ್ತಿದೆ. ಪಾಸ್‌ಪೋರ್ಟು ಹುಡುಕಿದೆ. ಮಗಳಿಗೆ ಫೋನು ಮಾಡಿದೆ, ಎತ್ತಲಿಲ್ಲ, ಮತ್ತೆ ಮಾಡಿದೆ. ಬೀಗ ಹಾಕಿ ಮೂರು ಸಲ ಜಗ್ಗಿದೆ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಒಳಗೆ ಹೋಗಿ ಬಂದೆ.

"ನಲವತ್ತೆರಡು ನಿಮಿಷ," ಎಂದರು. ನಗಲಿಲ್ಲ. "ನಮ್ಮ ಆಫೀಸಲ್ಲಿ ಒಂದು ಮನೆಗೆ ಹದಿನೈದು ಅಂತ ಹಾಕಿದಾರೆ ಆಂಟಿ. ದೀಪ ಯಾರೂ ಎಣಿಸಿಲ್ಲ."

ಆಮೇಲೆ ಮನೆಮನೆಗೂ ಹೋದರು. ಎಲ್ಲ ಮನೆಯಲ್ಲೂ ಎರಡೆರಡು ಕಾರು, ಒಂದನ್ನು ಬೆಂಕಿಗೆ ಬಿಟ್ಟು ಬರುತ್ತೇನೆ ಎಂದವರು ಒಬ್ಬರೂ ಇಲ್ಲ. ಮಕ್ಕಳು ಸ್ಕೂಲಿನಲ್ಲಿದ್ದರೆ ಅಪ್ಪ ಅಮ್ಮ ಆಫೀಸಿನಿಂದ ಅದೇ ರಸ್ತೆಯಲ್ಲಿ ಒಳಗೆ ನುಗ್ಗುತ್ತಾರೆ. ಎರಡನೇ ರಸ್ತೆ ಆಗುವವರೆಗೆ ಒಂದು ಇಟ್ಟಿಗೆಯನ್ನೂ ಇಡಬೇಡಿ ಎಂದು ಅವರು ಬರೆದರು. ಆ ಮಾತು ಹೊಡೆದುಹಾಕಿ ಎಂದು ಮೇಲಿನವರು ಹೇಳಿದರು. ಇವರು ಒಪ್ಪಲಿಲ್ಲ, ಕೆಲಸ ಹೋಯಿತು. ಹದಿನೈದು ನಿಮಿಷದ ವರದಿಗೆ ಬೇರೆ ಯಾರೋ ಸಹಿ ಹಾಕಿದರು.

ಕೌನ್ಸಿಲ್ಲಿನವರು ಬಡಾವಣೆಯ ಸಭೆ ಕರೆದರು. ಹಿಂದಿನ ದಿನ ಇವರು ನನ್ನ ಹತ್ತಿರ ಬಂದರು. "ಆಂಟಿ, ನಾನು ಹೇಳಿದ್ರೆ ಕೆಲಸ ಹೋದ ಸಿಟ್ಟು ಅಂತಾರೆ. ನೀವು ಎದ್ದು ನಿಮ್ಮ ನಲವತ್ತೆರಡು ನಿಮಿಷ ಹೇಳಿ. ಕನ್ನಡದಲ್ಲೇ ಹೇಳಿ, ನಾನು ಇಂಗ್ಲಿಷಲ್ಲಿ ಹೇಳ್ತೀನಿ."

ಆಯಿತು ಎಂದಿದ್ದೆ.

ಸಭೆಯಲ್ಲಿ, ನನ್ನನ್ನು ಮಾತಿಗೆ ಕರೆಯಲೆಂದು ಅವರು ಎದ್ದು ನಿಂತರು. ಹೊಸ ಸೈಟುಗಳನ್ನು ಹಿಡಿದವರಲ್ಲಿ ನಮ್ಮವರೇ ಬಹಳ ಇದ್ದರು. "ಏನ್ ಸಾರ್, ನೀವು ಮಾತ್ರ ಮನೆ ಕಟ್ಕೊಂಡು ಕೂತ್ಕೊಂಡು ನಮಗೆ ಬೇಡ ಅಂತೀರಾ?" ಎಂದು ಒಬ್ಬ ಕನ್ನಡದಲ್ಲೇ ಕೂಗಿದ. ಇನ್ನೊಬ್ಬ, "ಬೆಂಕಿ ಸಾರ್ ಬಂದ್ರು, ಬಕೆಟ್ ತಗೊಳ್ರೋ," ಎಂದ. ಆ ಸಾಲಿನವರೆಲ್ಲ ನಕ್ಕರು. ಅವರು ನನ್ನ ಕಡೆ ನೋಡಿದರು.

ನನ್ನ ಅಳಿಯನೂ ಅವನ ತಮ್ಮನಿಗೆಂದು ಅಲ್ಲಿ ಸೈಟು ಹಿಡಿದಿದ್ದ. "ಅತ್ತೆ, ಸುಮ್ನಿರಿ," ಎಂದ. ಸುಮ್ಮನಿದ್ದೆ. ಅವನ ಮೇಲೆ ಹಾಕುವುದೇಕೆ, ಅವನೇನು ನನ್ನ ಬಾಯಿಗೆ ಬಟ್ಟೆ ತುರುಕಿರಲಿಲ್ಲ. ನನ್ನ ದೀಪ, ನನ್ನ ಬೀಗದ ಕತೆಯನ್ನು ಬಿಳಿಯರ ಮುಂದೆ ಹೇಳಲು ನನಗೇ ನಾಚಿಕೆಯಾಯಿತು. ಯೋಜನೆ ಪಾಸಾಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಅವರು ಅದೇ ಜಾಗದಲ್ಲಿ ನಿಂತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೂ ಯಾಕಪ್ಪ ಇದು? ಯಾರು ಕೇಳ್ತಾರೆ?"

"ಎಣಿಸೋದು ನಿಲ್ಸಿದ್ರೆ ಅವರ ಲೆಕ್ಕನೇ ನಿಜ ಆಗ್ಬಿಡುತ್ತೆ ಆಂಟಿ."

ಹೊಸ ಮನೆಗಳು ಎದ್ದವು. ಮುಂದಿನ ಬೇಸಿಗೆಯಲ್ಲಿ ಬೆಂಕಿ ಬಂತು. ಅಳಿಯ ಒಂದು ಕಾರು, ಮಗಳು ಒಂದು ಕಾರು, ನಾವೂ ಎರಡನ್ನೂ ತೆಗೆದೆವು. ಮುಖ್ಯರಸ್ತೆಯ ರೌಂಡಬೌಟ್ ತಲುಪಲು ಒಂದೂವರೆ ಗಂಟೆ. ಆಕಾಶ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಹಿಂದೆ ಮರಗಳು ಸಿಡಿಯುವ ಸದ್ದು. ನಾವು ಸಾಯುತ್ತೇವಾ ಎಂದು ಮೊಮ್ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಅವಳನ್ನು ಮಡಿಲಿಗೆ ಎಳೆದುಕೊಂಡೆ. ಅಷ್ಟರಲ್ಲಿ ಗಾಳಿ ತಿರುಗಿತು. ಯಾರೂ ಸಾಯಲಿಲ್ಲ. ಎಲ್ಲರೂ ಹೊರಗೆ ಬಂದರು, ಹಾಗಾದರೆ ಈ ರಸ್ತೆ ಸಾಕು ಎಂದು ಕೌನ್ಸಿಲ್ಲಿನವರು ಬರೆದುಕೊಂಡರು.

"ಗಾಳಿ ಆಂಟಿ, ಗಾಳಿ. ರಸ್ತೆ ಅಲ್ಲ," ಎಂದರು ಅವರು. ಅಂದಿನಿಂದ ಬೀದಿಗೆ ಬರುವುದನ್ನು ಬಿಟ್ಟರು. ಟೋಪಿ ಗೇಟಿನ ಮೇಲೆ ಒಂದು ವಾರ ಬಿಸಿಲಲ್ಲೇ ಇತ್ತು.

ಆ ಚಳಿಗಾಲದಲ್ಲಿ ಊಟದ ಮೇಜಿನ ಮುಂದೆ ಕೂತಿದ್ದ ಹಾಗೆಯೇ ಹೃದಯ ನಿಂತು ಹೋದರು. ಅವರ ಹೆಂಡತಿಯ ಹತ್ತಿರ ಆ ಸ್ಟಾಪ್‌ವಾಚ್ ಕೇಳಿ ಇಸಿದುಕೊಂಡೆ. ಚಿತಾಗಾರಕ್ಕೆ ಹೊರಟ ಕಾರುಗಳು ಇಪ್ಪತ್ತು ಇದ್ದವು. ಅವರ ಗೇಟಿನಲ್ಲಿ ಗುಂಡಿ ಒತ್ತಿದೆ, ರೌಂಡಬೌಟಿನಲ್ಲಿ ಮತ್ತೆ ಒತ್ತಿದೆ. ಮೂವತ್ತೊಂದು ನಿಮಿಷ. ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ. ಹೊಸ ಮನೆಗಳವರು ದಿನದಂತೆ ಕೆಲಸಕ್ಕೆ ಹೊರಟಿದ್ದರು, ಅಷ್ಟೇ.

ಚಿತಾಗಾರದಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಅವರು ಎಂಥ ಒಳ್ಳೆಯವರು ಎಂದರು. ಬಕೆಟ್ ತಗೊಳ್ರೋ ಎಂದವನೂ ಎಂದ. ಬಂದವರಲ್ಲಿ ಅರ್ಧದಷ್ಟು ಬಿಳಿಯರು, ಕೌನ್ಸಿಲ್ಲಿನವನೊಬ್ಬನೂ ಇದ್ದ. ಅಳಿಯ ಕೈ ಹಿಡಿದು ಎಳೆದರೂ ನಾನು ಎದ್ದೆ. ನಲವತ್ತೆರಡು ನಿಮಿಷ ಹೇಳಿದೆ, ಮೂವತ್ತೊಂದು ನಿಮಿಷ ಹೇಳಿದೆ, ಕನ್ನಡದಲ್ಲೇ ಹೇಳಿದೆ. ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದಿದ್ದವರು ಪೆಟ್ಟಿಗೆಯಲ್ಲಿ ಮಲಗಿದ್ದರು. ಬೇರೆ ಯಾರೂ ಹೇಳಲಿಲ್ಲ.