ದೋಣಿಯ ಡೀಸೆಲ್ ಪೈಪು ಬಿಗಿದವನು ನಾನು

ಭಾವ, ಅವತ್ತು ದೋಣಿಯ ಡೀಸೆಲ್ ಪೈಪನ್ನು ಹಾಳು ಮಾಡಿದ್ದು ನಾನು. ನೀವಲ್ಲ. ಆ ಕೆಟ್ಟ ಹೆಸರನ್ನು ನಿಮ್ಮ ತಲೆಗೆ ಕಟ್ಟಿ ಇಷ್ಟು ವರ್ಷ ತೆಪ್ಪಗೆ ಕೂತವನೂ ನಾನೇ.

ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ ಅದು. ಅಕ್ಕನನ್ನು ಮದುವೆಯಾಗಿ ಬಣಕಲ್ ಹತ್ತಿರದ ನಮ್ಮ ತೋಟಕ್ಕೆ ಬಂದಿದ್ದ ನೀವು ಅಪ್ಪನ ಕೈಕೆಳಗೆ ಆಳುಗಳ ಲೆಕ್ಕ ಬರೆಯುವ ರೈಟರ್ ಕೆಲಸ ನೋಡಿಕೊಂಡಿದ್ದಿರಿ. ಮಾವನ ಮನೆಯ ಅನ್ನ ಎಷ್ಟು ದಿನ ಎಂದು ಹಳೆಯ ಎಂಜಿನ್ ದೋಣಿಯೊಂದನ್ನು ಕೊಂಡಿರಿ — ಭದ್ರಾ ಹಿನ್ನೀರಿನಲ್ಲಿ ಜನರನ್ನು ಸುತ್ತಾಡಿಸಿ ಸ್ವಂತ ಬದುಕು ಕಟ್ಟಿಕೊಳ್ಳಲು. ಅಂಥ ಹುರುಪನ್ನು ನಿಮ್ಮ ಮುಖದಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಕ್ಕನನ್ನೂ ನಿಮ್ಮ ಪುಟ್ಟ ಮಕ್ಕಳನ್ನೂ ನನ್ನನ್ನೂ ಮೊದಲ ಸಲ ಕೂರಿಸಿಕೊಂಡು ಹೋಗುವ ದಿನ, ಫಿಲ್ಟರ್ ಪಕ್ಕದ ಜಾಯಿಂಟಿನಲ್ಲಿ ಡೀಸೆಲ್ ಹನಿ ಜಿನುಗುತ್ತಿತ್ತು. "ಅದನ್ನ ಮುಟ್ಬೇಡ ಮಾರಾಯ, ಹೊಸ ವಾಷರ್ ತರ್ತೀನಿ," ಎಂದು ಪೇಟೆಗೆ ಹೋದಿರಿ. ನನಗೋ ಧಿಮಾಕು. ತೋಟದ ಸ್ಪ್ರಿಂಕ್ಲರ್ ಎಂಜಿನ್ ಓಡಿಸಿದವನಿಗೆ ಇದೇನು ಮಹಾ! ಸೋರಿದರೆ ನಮ್ಮಲ್ಲಿ ಒಂದೇ ಮದ್ದು — ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಬಲವಾಗಿ ಎಳೆಯುವುದು. ಎಳೆದೆ. ಕರಕ್ ಎಂದಿತು, ನಟ್ಟಿನ ಥ್ರೆಡ್ ಕಿತ್ತುಹೋಯಿತು. ಹೆದರಿ, ಜೀಪಿನ ಟ್ಯಾಂಕಿಗೆ ಮೆತ್ತುವ ಹಾಗೆ ಬಟ್ಟೆ ಸೋಪು ಮೆತ್ತಿ ಒರೆಸಿಬಿಟ್ಟೆ. ಹನಿ ನಿಂತಿತು.

ಅಳತೆಯ ವಾಷರ್ ಸಿಗದೆ ಬರಿಗೈಯಲ್ಲಿ ಬಂದ ನೀವು ಬಗ್ಗಿ ನೋಡಿದಿರಿ. "ನೀನೇನಾದ್ರೂ ಮುಟ್ಟಿದ್ಯಾ?"

"ಇಲ್ಲ ಭಾವ. ತಾನಾಗೇ ನಿಂತಿದೆ."

ನೀವಾದರೂ ಹೊರಡಬಾರದಿತ್ತು ಎಂದು ಎಷ್ಟೋ ಸಲ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ. ಕಳ್ಳ ಸಮಾಧಾನ ಅದು. ನೀವು ನನ್ನ ಮಾತು ನಂಬಿ ಹೊರಟಿರಿ, ಅಷ್ಟೆ.

ನಡುನೀರಿಗೆ ಹೋದ ಮೇಲೆ ವಾಸನೆ ಎದ್ದಿತು. ದೋಣಿಯ ತಳದಲ್ಲಿ ಡೀಸೆಲ್ ಹರಿದಿತ್ತು. ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಗಾಳಿ ನಮ್ಮನ್ನು ಮುಳುಗಿದ ಮರದ ಬೊಡ್ಡೆಗಳ ಕಡೆಗೆ ತಳ್ಳುತ್ತಿತ್ತು. ಅಕ್ಕ ಮಕ್ಕಳನ್ನು ತಬ್ಬಿಕೊಂಡು ಕೂಗುತ್ತಿದ್ದಳು. ನೀವು ಟವೆಲ್ ಸುತ್ತಿ ಜಾಯಿಂಟನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪೈಪಿಗೆ ಸೇರಿದ್ದ ಗಾಳಿ ಹೊರಗೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದಿರಿ. "ದಡದ ಕಡೆ ಬಿಡು, ನನ್ ಕಡೆ ನೋಡ್ಬೇಡ," ಎಂದು ಚುಕ್ಕಾಣಿಯನ್ನು ನನಗೆ ಕೊಟ್ಟಿರಿ. ನಿಮ್ಮ ತೋಳು ಕಾದ ಸೈಲೆನ್ಸರಿಗೆ ತಾಗುತ್ತಿತ್ತು. ದಡ ಸಿಗುವ ತನಕ ನೀವು ಕೈ ಬಿಡಲಿಲ್ಲ. ಚರ್ಮ ಸುಲಿದು ಬಂದಿತ್ತು, ಅಯ್ಯೋ —

ಇಳಿದ ಕೂಡಲೇ ಅಕ್ಕ ಸಿಡಿದಳು. "ಎಂಜಿನ್ ವಿಷ್ಯ ಎಂಥದೂ ಗೊತ್ತಿಲ್ದೆ ಮಕ್ಕಳನ್ನ ನೀರಿಗೆ ಇಳಿಸಿದ್ರಲ್ಲ! ಮೊದ್ಲು ಇದನ್ನ ಮಾರಿ." ನೀವು ನನ್ನ ಕಡೆ ನೋಡಿದಿರಿ. ಬಾಯಿ ಬಿಡಬಹುದಿತ್ತು. ಬಿಟ್ಟೆ, ಆದರೆ ಬಂದ ಮಾತು ಇದು — "ಅಕ್ಕ ಹೇಳೋದು ಸರಿ ಭಾವ. ಇದು ನಿಮ್ಮ ಕೈಲಿ ಆಗೋ ಕೆಲ್ಸ ಅಲ್ಲ."

ಮೊದಲು ಹೆದರಿಕೆ, ನಿಜ. ಆಮೇಲೆ... ಆಮೇಲೆ ಅನುಕೂಲ. ನೀವು ದೋಣಿ ಮಾರಿ ತೋಟದಲ್ಲೇ ಉಳಿದಿರಿ; ನನ್ನ ಪಾಲಿನ ಕೆಲಸವೂ ನಿಮ್ಮ ಹೆಗಲಿಗೆ ಬಿತ್ತು. ನಾನು ಹಾಯಾಗಿದ್ದೆ. ನಾಚಿಕೆಯಾಗುತ್ತದೆ ಬರೆಯಲು.

ಮೊನ್ನೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಎಂಜಿನ್ ನಿಂತಾಗ ಅದರ ಎದುರೇ ಇದ್ದ ನೀವು ಮುಟ್ಟಲಿಲ್ಲ. ನನ್ನನ್ನು ಕರೆದಿರಿ. "ನನ್ ಕೈಗೆ ಎಂಜಿನ್ ಆಗಿ ಬರಲ್ಲ ಮಾರಾಯ, ನೀನೇ ನೋಡು." ನನ್ನ ಸುಳ್ಳನ್ನು ನೀವೇ ನಂಬಿಬಿಟ್ಟಿದ್ದೀರಿ!

ಕ್ಷಮಿಸಿ ಎಂದು ಕೇಳುವುದಿಲ್ಲ. ಈ ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ, ಅಕ್ಕನ ಎದುರು, ಬೆಳೆದು ನಿಂತ ಮಕ್ಕಳ ಎದುರು ಹೇಳುತ್ತೇನೆ. ಎಲೆ ಬಿಟ್ಟು ಎದ್ದು ಹೋಗು ಎಂದರೆ ಹೋಗುತ್ತೇನೆ. ಆದರೆ ಅವತ್ತು ತಮ್ಮನ್ನು ದಡ ಮುಟ್ಟಿಸಿದ್ದು ಯಾರ ಕೈ ಎಂದು ಅವರಿಗೆ ಗೊತ್ತಾಗಲೇಬೇಕು.